ಎಂಟು ನಟ್ಟು, ಒಂದು ಕ್ರಾಸ್, ಪಕ್ಕದಲ್ಲಿ ಪ್ರಪಾತ

ಢಣ್!

ಸದ್ದು ಬಂದದ್ದು ಕಾಲಡಿಯಿಂದ. ತಗಡು ಅದುರಿತು. ಬೆನ್ನಿಗೇ ಕಬ್ಬಿಣ ಕಲ್ಲಿಗೆ ಬಡಿಯತೊಡಗಿತು. ಟಣ್, ಟಣ್, ಟಣ್. ಅಷ್ಟು ಹೊತ್ತು ಗಾಡಿಯನ್ನು ಹಿಡಿದಿದ್ದ ಎಂಜಿನ್ನಿನ ಬಿಗಿ ಒಮ್ಮೆಲೇ ಸಡಿಲಿತು. ಜೀಪು ಇಳಿಜಾರಿನಲ್ಲಿ ಹಾರಿಕೊಂಡಿತು.

ಕೊಡಚಾದ್ರಿಯಿಂದ ಇಳಿಯುವ ದಾರಿ ಅದು. ಶಿಖರದ ಎತ್ತರ 1,343 ಮೀಟರ್. ಎಡಕ್ಕೆ ದರೆ, ಬಲಕ್ಕೆ ಮಂಜು ತುಂಬಿದ ಪ್ರಪಾತ. ಗಾಡಿ ಹಳೆಯ ಮಹೀಂದ್ರ ಎಂಎಂ 540. ಒಳಗೆ 2,112 ಸಿಸಿಯ ಪ್ಯೂಜೊ ಡೀಸೆಲ್ ಎಂಜಿನ್, 62 ಅಶ್ವಶಕ್ತಿ. ಹೊತ್ತು ಮುಳುಗುತ್ತಿತ್ತು. ಮಳೆ ಬಿಟ್ಟಿರಲಿಲ್ಲ.

ಕಡಿದಾದ ಬಂಡೆಗಳ ಭಾಗ ದಾಟಿಯಾಗಿತ್ತು. ಸ್ಟೀರಿಂಗ್ ಹಿಡಿದಿದ್ದ ಜೀಪಿನ ಮಾಲೀಕರು ಮುಂದಿನ ಆಕ್ಸಲ್ ಬಿಡಿಸಿ, ಬರೀ ಹಿಂದಿನ ಚಕ್ರದ ಬಲದಲ್ಲಿ ಇಳಿಸುತ್ತಿದ್ದರು. ಆಗಲೇ ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ತುಂಡಾಯಿತು.

ಕ್ರಾಸ್ ಎಂದರೆ ಅಂಗೈಯಲ್ಲಿ ಹಿಡಿಯುವಷ್ಟು ಉಕ್ಕು. ಅದು ಹೋದರೆ ಎಂಜಿನ್ನಿಗೂ ಹಿಂದಿನ ಚಕ್ರಕ್ಕೂ ಸಂಬಂಧ ಕಡಿದಂತೆ. ಹೋದದ್ದು ಅದಷ್ಟೇ ಅಲ್ಲ. ವಿಲ್ಲೀಸ್ ವಂಶದ ಇಂಥ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಡ್ರಮ್ಮನ್ನು. ಶಾಫ್ಟ್ ಕಡಿದರೆ ಆ ಹಿಡಿತವೂ ಕಡಿಯುತ್ತದೆ. ಉಳಿದದ್ದು ಕಾಲ್ಬ್ರೇಕ್ ಒಂದೇ. ಹಳ್ಳ ದಾಟಿ ಬಂದ ಡ್ರಮ್ಮುಗಳ ತುಂಬ ನೀರು.

ಅವರು ಪೆಡಲ್ ಒತ್ತಿದರು. ಹಿಡಿಯಲಿಲ್ಲ. ಬಿಟ್ಟು ಒತ್ತಿದರು. ಮತ್ತೆ ಒತ್ತಿದರು. ಮುಂದೆ ತಿರುವು ಬಂತು.

ಸ್ಟೀರಿಂಗ್ ಎಡಕ್ಕೆ ಎಳೆದರು. ಬಂಪರ್ ದರೆಗೆ ನುಗ್ಗಿತು. ಮಣ್ಣು ಸಿಡಿಯಿತು, ಬೇರು ಹರಿಯಿತು, ಮಡ್‌ಗಾರ್ಡ್ ಮಡಚಿತು. ಜೀಪು ದರೆಯನ್ನು ಕೆರೆಯುತ್ತ, ಕೆರೆಯುತ್ತ ನಿಂತಿತು.

"ಕಲ್ಲು ಕೊಡು ಮಾರಾಯ, ಕಲ್ಲು!"

ಹಿಂದೆ ಕೂತಿದ್ದ ಅವರ ಅಳಿಯ ಆಗಲೇ ಹಾರಿದ್ದ. ನಾಲ್ಕು ಚಕ್ರಕ್ಕೂ ಕಲ್ಲು ಬಿತ್ತು. ನಾವೂ ಇಳಿದೆವು.

"ಎಂತಾಯ್ತು ಮಾವ?"

"ಹಿಂದಿನ ಕ್ರಾಸ್ ಹೋಯ್ತು. ಟೂಲ್ ಚೀಲ ತಾ. ಬ್ಯಾಟರಿ ಹಿಡಿ."

ಅಷ್ಟೇ ಮಾತು. ಗೋಣಿಚೀಲ ಹಾಸಿ ಅವರು ಜೀಪಿನಡಿ ನುಸುಳಿದರು. ಬೆನ್ನಡಿಯಲ್ಲಿ ಕೆಂಪು ನೀರು ಹರಿಯುತ್ತಿತ್ತು. ಶಾಫ್ಟಿನ ಹಿಂದಿನ ತುದಿ ನೆಲಕ್ಕೆ ಜೋತು ಬಿದ್ದಿತ್ತು. ಕಡಿದದ್ದು ಮುಂದಿನ ತುದಿಯಾಗಿದ್ದರೆ? ಅದು ನೆಲಕ್ಕೆ ಚುಚ್ಚಿ, ಓಡುವ ಗಾಡಿಯ ಹಿಂಭಾಗವನ್ನೇ ಎತ್ತಿ ಒಗೆಯುತ್ತಿತ್ತು. ಬದುಕಿದ್ದು ಅಷ್ಟರಲ್ಲೇ.

ಬಿಚ್ಚಬೇಕಾದ ನಟ್ಟು ಎಂಟು. ಹಿಂದೆ ನಾಲ್ಕು, ಮುಂದೆ ನಾಲ್ಕು. ಏಳು ಬಿಚ್ಚಿದವು. ಎಂಟನೆಯದು ತುಕ್ಕು ಹಿಡಿದು ಕೂತಿತ್ತು. ಡೀಸೆಲ್ ಹನಿಸಿದರು. ಸುತ್ತಿಗೆಯಿಂದ ತಟ್ಟಿದರು. ಸ್ಪ್ಯಾನರಿಗೆ ಪೈಪು ತೊಡಿಸಿ, ಕಾಲು ಕೊಟ್ಟು ತಳ್ಳಿದರು. ಸ್ಪ್ಯಾನರ್ ಜಾರಿತು. ಗೆಣ್ಣು ಸುಲಿದು ರಕ್ತ ಬಂತು. ಮತ್ತೆ ತಳ್ಳಿದರು. ಕಿರ್ರ್ ಎಂದು ನಟ್ಟು ತಿರುಗಿತು.

ಶಾಫ್ಟ್ ಎಳೆದು ಸೀಟಿನಡಿ ಹಾಕಿದರು. ಹಿಂದಿನ ಚಕ್ರಕ್ಕೆ ಬಲವಿಲ್ಲದ ಜೀಪು ಈಗ ಊರು ಸೇರುವುದು ಹೇಗೆ?

ಇಲ್ಲೇ ಈ ಯಂತ್ರದ ದೊಡ್ಡತನ ಇರುವುದು. ಗೇರ್ ಕೋಲಿನ ಪಕ್ಕ ಎರಡು ಸಣ್ಣ ಲಿವರ್. ಒಂದು ಮುಂದಿನ ಆಕ್ಸಲ್ ಸೇರಿಸುತ್ತದೆ. ಇನ್ನೊಂದು ಲೋ ಗೇರ್ ಕೊಟ್ಟು ಚಕ್ರದ ಬಲವನ್ನು ಸುಮಾರು ಎರಡೂವರೆ ಪಟ್ಟು ಹೆಚ್ಚಿಸುತ್ತದೆ. ಅವರು ಎರಡನ್ನೂ ಹಾಕಿದರು. ಜೀಪು ಮುಂದಿನ ಚಕ್ರದ ಗಾಡಿಯಾಯಿತು. ಮುಂದಿನ ಶಾಫ್ಟಿನ ಮೂಲಕ ಹ್ಯಾಂಡ್ ಬ್ರೇಕೂ ಮರಳಿ ಬಂತು! ಇಳಿಜಾರಿನಲ್ಲಿ ಭಾರವೆಲ್ಲ ಮುಂದಕ್ಕೆ ಬೀಳುವುದರಿಂದ ಹಿಡಿತವೂ ಸಿಕ್ಕಿತು. ಇಂಚಿಂಚಾಗಿ ಇಳಿದೆವು.

ಆದರೆ ಊರಿಗೆ ಮೊದಲು ಒಂದು ಏರು ಇತ್ತು. ಗಿಡ್ಡ ಏರು, ತುಂಬಾ ಕೆಸರು.

ಏರಿನಲ್ಲಿ ಭಾರ ಹಿಂದಕ್ಕೆ ಸರಿಯಿತು. ಮುಂದಿನ ಚಕ್ರ ಹಗುರಾಯಿತು. ಗಿರ್ರನೆ ಸುತ್ತಿತು, ಕೆಸರು ಎರಚಿತು, ನಿಂತಿತು. ಎರಡನೇ ಸಲವೂ ಅಷ್ಟೇ. ರಭಸದಿಂದ ಹತ್ತಿಸುವಂತಿಲ್ಲ. ಸ್ಟೀರಿಂಗ್ ತಿರುಗಿಸಿ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಮುಂದಿನ ಆಕ್ಸಲಿನ ಜಾಯಿಂಟ್ ಮುರಿಯುತ್ತದೆ. ಆಮೇಲೆ ರಾತ್ರಿ ಕಾಡಿನಲ್ಲೇ.

ಅವರು ಕೆಳಗೆ ಹೋಗಿ ಜೀಪನ್ನು ಪೂರ್ತಿ ತಿರುಗಿಸಿದರು. ಮುಖ ಇಳಿಜಾರಿಗೆ, ಬೆನ್ನು ಏರಿಗೆ. ರಿವರ್ಸ್ ಹಾಕಿದರು. ಈಗ ಎಳೆಯುವ ಆಕ್ಸಲ್ ಕೆಳಗಡೆ. ಎಂಜಿನ್ನಿನ ಭಾರ, ಏರಿನ ಭಾರ ಎರಡೂ ಅದರ ಮೇಲೆ. ಸ್ಟೀರಿಂಗ್ ನೇರ ಹಿಡಿದು, ಕತ್ತು ಹಿಂದಕ್ಕೆ ತಿರುಗಿಸಿ, ಅಳಿಯನ ಬ್ಯಾಟರಿ ಬೆಳಕನ್ನೇ ನೋಡುತ್ತ ಕ್ಲಚ್ ಬಿಟ್ಟರು.

ಚಕ್ರ ಕಚ್ಚಿತು. ಜೀಪು ಬೆನ್ನು ಮುಂದಾಗಿ ಏರು ಹತ್ತಿತು.

ಮನೆ ಮುಟ್ಟಿದಾಗ ಊಟದ ಹೊತ್ತು ಮೀರಿತ್ತು. ಅವರು ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಜೀಪ್ ಸ್ಟ್ಯಾಂಡಿನಲ್ಲಿ ಪಾಳಿ ಇತ್ತು.

ಕೊಟ್ಟಿಗೆಯ ಬಲ್ಬಿನಡಿ ಶಾಫ್ಟನ್ನು ವೈಸಿಗೆ ಬಿಗಿದರು. ಸರ್ಕ್ಲಿಪ್ ಕಿತ್ತರು. ಮುರಿದ ಕ್ರಾಸನ್ನು ಬಡಿದು ಹೊರದಬ್ಬಿದರು. ಹೊಸ ಕ್ರಾಸಿನ ನಾಲ್ಕು ಬಟ್ಟಲಿನೊಳಗೂ ಸೂಜಿಯಂಥ ರೋಲರುಗಳು ಸಾಲಾಗಿ ನಿಂತಿರುತ್ತವೆ. ಅವನ್ನು ಹಿಡಿದಿಡುವುದು ಗ್ರೀಸ್ ಮಾತ್ರ. ಬಟ್ಟಲು ಕೂರಿಸುವಾಗ ಒಂದೇ ಒಂದು ಸೂಜಿ ಅಡ್ಡ ಬಿದ್ದರೂ ಮುಗಿಯಿತು, ಸರ್ಕ್ಲಿಪ್ ಕೂರುವುದಿಲ್ಲ. ಗೊತ್ತಾಗದೆ ಬಡಿದರೆ ಬಟ್ಟಲು ಒಡೆಯುತ್ತದೆ.

ಮೂರು ಬಟ್ಟಲು ಸಲೀಸಾಗಿ ಕೂತವು. ನಾಲ್ಕನೆಯದು ಕೂದಲೆಳೆಯಷ್ಟು ಹೊರಗೆ ನಿಂತಿತು.

ಅವರು ಸುತ್ತಿಗೆ ಕೆಳಗಿಟ್ಟರು. ಬಟ್ಟಲು ತೆಗೆದರು. ಬೆರಳ ತುದಿಯಿಂದ ಗ್ರೀಸ್ ಸರಿಸಿ ನೋಡಿದರು. ತಳದಲ್ಲಿ ಸೂಜಿಯೊಂದು ಅಡ್ಡ ಮಲಗಿತ್ತು. ಎತ್ತಿ ನಿಲ್ಲಿಸಿದರು. ಮತ್ತೆ ತಟ್ಟಿದರು. ಸರ್ಕ್ಲಿಪ್ ಟಿಕ್ ಎಂದು ಕೂತಿತು.

ಮಲೆನಾಡಿನ ಹಳೆ ಜೀಪುಗಳ ಮಾಲೀಕರಿಗೆ ಇದು ದಿನನಿತ್ಯದ ಕೆಲಸ. ಫಿಲ್ಟರಿಗೆ ಕಸ ಕಟ್ಟಿ ಡೀಸೆಲ್ ಲೈನಿಗೆ ಗಾಳಿ ಹೊಕ್ಕರೆ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ, ನೊರೆ ನಿಲ್ಲುವವರೆಗೆ ಗಾಳಿ ತೆಗೆಯುತ್ತಾರೆ. ಟ್ಯಾಂಕ್ ಸೋರಿದರೆ ಬಟ್ಟೆ ಸೋಪು ತಿಕ್ಕುತ್ತಾರೆ. ರೇಡಿಯೇಟರ್ ಜಿನುಗಿದರೆ ಅರಿಶಿನದ ಪುಡಿ ಹಾಕುತ್ತಾರೆ. ಬ್ರೇಕ್ ಪೈಪು ಒಡೆದರೆ ಅದನ್ನು ಜಜ್ಜಿ, ಮಡಚಿ, ಆ ಒಂದು ಚಕ್ರವನ್ನು ಬಿಟ್ಟು ಉಳಿದ ಮೂರರ ಬ್ರೇಕಿನಲ್ಲಿ ಊರು ಸೇರುತ್ತಾರೆ.

ಮಳೆಗಾಲ ಮುಗಿದ ಮೇಲೆ ದೊಡ್ಡ ಕಾಳಗ. ಮ್ಯಾಟ್ ಎತ್ತಿದರೆ ತಳದ ತಗಡೇ ಇರುವುದಿಲ್ಲ. ತುಕ್ಕನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಹೊಸ ತಗಡು ಬೆಸೆಯಬೇಕು. ಆಕ್ಸಲಿನ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೊಕ್ಕಿದೆ ಎಂದರ್ಥ. ಸೀಲು ಬದಲಿಸಬೇಕು. ಕಿಂಗ್ ಪಿನ್ ಸವೆದು ಸ್ಟೀರಿಂಗಿನಲ್ಲಿ ಆಟ ಬಂದಿದ್ದರೆ ಬೇರಿಂಗ್ ಹಾಕಿ ಬಿಗಿ ನೋಡಬೇಕು. ಊರಲ್ಲಿ ಸಿಗದ ಭಾಗಕ್ಕೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಜೆ.ಸಿ. ರಸ್ತೆ ಅಲೆಯಬೇಕು, ಶಿವಾಜಿನಗರದ ಗುಜರಿಯಲ್ಲಿ ಕೈಯಾಡಿಸಬೇಕು.

ಈ ಜೀಪಿನ ಮೂಲ ವಿಲ್ಲೀಸ್ ಕಂಪನಿ 1941ರಲ್ಲಿ ಯುದ್ಧಕ್ಕೆಂದು ಕೊಟ್ಟ ವಿನ್ಯಾಸ. ಸ್ಪ್ಯಾನರ್ ಹಿಡಿದ ಸಿಪಾಯಿ ರಣರಂಗದಲ್ಲೇ ಬಿಚ್ಚಿ ಜೋಡಿಸಬೇಕಿತ್ತು. 1940ರ ದಶಕದ ಕೊನೆಗೆ ಮುಂಬಯಿಯಲ್ಲಿ ಮಹೀಂದ್ರದವರು ಅದರ ಜೋಡಣೆ ಶುರು ಮಾಡಿದರು. ಎಂಜಿನ್ ಬದಲಾಯಿತು, ಮೈ ಉದ್ದವಾಯಿತು. ಕೈಗೆ ಸಿಗುವ ಗುಣ ಮಾತ್ರ ಉಳಿಯಿತು. ಕಂಪ್ಯೂಟರ್ ತುಂಬಿದ ಹೊಸ ಗಾಡಿ ಎಷ್ಟೇ ಬಲಶಾಲಿಯಾಗಲಿ, ಕೊಡಚಾದ್ರಿಯ ತಿರುವಿನಲ್ಲಿ ಗೋಣಿಚೀಲ ಹಾಸಿ ಅದನ್ನು ರಿಪೇರಿ ಮಾಡಲಾಗದು. ಈ ದಾರಿಗೆ ಈ ಜೀಪೇ ಸರಿ, ಅದನ್ನು ಬಿಚ್ಚಬಲ್ಲ ಈ ಕೈಗಳೇ ಸರಿ.

ನೀವು ಕೊಡಚಾದ್ರಿಗೋ ಮಾಂದಲಪಟ್ಟಿಗೋ ಹೋದಾಗ ದಾರಿ ಮಧ್ಯೆ ಜೀಪಿನವರು ಬಾನೆಟ್ ಎತ್ತಿದರೆ ತಡವಾಯಿತೆಂದು ಗೊಣಗಬೇಡಿ. ಇಳಿಯಿರಿ. ಮೊದಲು ಚಕ್ರಕ್ಕೊಂದು ಕಲ್ಲು ಕೊಡಿ. ಆಮೇಲೆ ಬ್ಯಾಟರಿ ಹಿಡಿಯಿರಿ.