ಗಾಲಿಯುಳ್ಳ ಕೋಣೆ

ಬೀಗ ಹಾಕುವುದನ್ನು ಎಲ್ಲರೂ ಬಲ್ಲರು. ಬೀಗವು ಯಾವುದನ್ನು ಕಾಯುವುದು, ಯಾವುದನ್ನು ಕಾಯಲಾರದು ಎಂಬುದನ್ನು ಬಲ್ಲವರು ವಿರಳ. ನಾವಾದರೋ ಅದನ್ನು ಒಂದು ಟ್ರೈಲರನ್ನೂ ಅದರೊಳಗಿದ್ದ ಮೋಟಾರು ಸೈಕಲ್ಲನ್ನೂ ಕಳೆದುಕೊಂಡು ಕಲಿತೆವು. ಈ ಪಾಠಕ್ಕೆ ನಾವು ತೆತ್ತ ಬೆಲೆಯನ್ನು ವಾಚಕರೂ ತೆರಬೇಕಾಗದಿರಲಿ ಎಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆವು.

ನಮ್ಮದು ಚನ್ನಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ಪಟ್ಟಣದಲ್ಲಿ ಹಾಲೆಮರವನ್ನು ಕಡೆದು, ಅರಗಿನ ಬಣ್ಣವೇರಿಸಿ ಬೊಂಬೆಗಳನ್ನು ಮಾಡುವರು. ನಾವು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವೆವು. ಹುಳು ಚಂದ್ರಿಕೆಯನ್ನೇರಿ ಗೂಡು ಕಟ್ಟಲಾರಂಭಿಸಿದ ಐದಾರು ದಿನಗಳಲ್ಲಿ ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಸಾಗಿಸಬೇಕು. ತಡಮಾಡಿದರೆ ಚಿಟ್ಟೆಯು ಗೂಡನ್ನು ತೂತುಮಾಡಿ ಹೊರಬರುವುದು. ಮಳೆಯಲ್ಲಿ ನೆನೆದರೆ ನೂಲು ಸರಿಯಾಗಿ ಬಿಚ್ಚದು. ಈ ಕಾರಣದಿಂದ ನಾವು ಸಾಲಮಾಡಿ ನಮ್ಮ ಚಿಕ್ಕ ಟ್ರ್ಯಾಕ್ಟರಿಗೆ ಒಂದು ಮುಚ್ಚಿದ ಟ್ರೈಲರನ್ನು ಮಾಡಿಸಿದೆವು. ನಾಲ್ಕೂ ಕಡೆ ಕಬ್ಬಿಣದ ತಗಡು, ಮೇಲೆ ಚಾವಣಿ, ಹಿಂದೆ ಜೋಡಿ ಬಾಗಿಲು.

2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಮೋಟಾರು ಸೈಕಲ್ಲಿಗೂ ಟ್ರ್ಯಾಕ್ಟರಿಗೂ ಪ್ರವೇಶವಿಲ್ಲವಾಯಿತು. ಪಕ್ಕದ ಸರ್ವೀಸ್ ರಸ್ತೆಯಲ್ಲಿ ಮೆಲ್ಲಗೆ ಸಾಗುವ ನಮ್ಮ ಟ್ರೈಲರಿನಲ್ಲಿ ಗೂಡಿನ ಚೀಲಗಳ ಪಕ್ಕಕ್ಕೆ ಹಿರಿಯ ಮಗನ ಮೋಟಾರು ಸೈಕಲ್ಲನ್ನೂ ಏರಿಸುತ್ತಿದ್ದೆವು. ಗೂಡು ತೂಗಿಸಿದ ಬಳಿಕ ಟ್ರ್ಯಾಕ್ಟರು ಊರಿಗೆ ಹಿಂತಿರುಗುವುದು. ಮಗನು ಮೋಟಾರು ಸೈಕಲ್ಲಿನಲ್ಲಿ ಅಲ್ಲಿಂದಲೇ ಕನಕಪುರಕ್ಕೆ ತನ್ನ ಕೆಲಸದ ಮೇಲೆ ಹೋಗುವನು. ಬರಬರುತ್ತ ರಾತ್ರಿಯ ವೇಳೆಯೂ ಅದನ್ನು ಟ್ರೈಲರಿನಲ್ಲಿಯೇ ನಿಲ್ಲಿಸುವುದು ರೂಢಿಯಾಯಿತು. ಕಬ್ಬಿಣದ ಗೋಡೆ, ಕಬ್ಬಿಣದ ಬಾಗಿಲು, ಅಂಗೈಯಗಲದ ಬೀಗ. ಇದಕ್ಕಿಂತ ಭದ್ರವಾದ ಕೋಣೆ ಮನೆಯಲ್ಲಿಯೂ ಇಲ್ಲವೆಂದು ನಾವು ಬೀಗುತ್ತಿದ್ದೆವು. ಆ ಕೋಣೆಗೆ ಗಾಲಿಗಳಿವೆಯೆಂಬುದನ್ನು ಮಾತ್ರ ಮರೆತಿದ್ದೆವು.

2024ರ ಶ್ರಾವಣಮಾಸದ ಒಂದು ರಾತ್ರಿ ಟ್ರೈಲರು ಮನೆಯ ಮುಂದಣ ರಸ್ತೆಯ ಬದಿಯಲ್ಲಿ ಮೂಕಿಯನ್ನು ದಾರಿಯ ಕಡೆ ಚಾಚಿಕೊಂಡು ನಿಂತಿದ್ದಿತು. ಬೆಳಗಾಗುವ ಮುನ್ನ ಯಾವುದೋ ಎಂಜಿನ್ನಿನ ಸದ್ದು ನಮ್ಮ ಕಿವಿಗೂ ಬಿದ್ದಿತು, ನೆರೆಮನೆಯವರ ಕಿವಿಗೂ ಬಿದ್ದಿತು. ಮಾರುಕಟ್ಟೆಗೆ ಹೊತ್ತಿಗೆ ಮುಂಚೆ ಹೊರಡುವುದು ನಮ್ಮ ಕಡೆ ವಾಡಿಕೆ. ಅವರು ನಾವೇ ಹೊರಟೆವೆಂದುಕೊಂಡರು. ನಾವು ಅವರು ಹೊರಟರೆಂದುಕೊಂಡು ಮಗ್ಗುಲು ಬದಲಾಯಿಸಿದೆವು. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದಲ್ಲಿ ರಾಮನಗರದ ಬಂಡೆಗಳ ನಡುವೆ ಡಕಾಯಿತರು ಕುದುರೆಯೇರಿ ಕೂಗುತ್ತ ಬಂದರು. ನಿಜವಾದ ಕಳ್ಳರು ಹಾಗೆ ಬಾರರು. ಬಾಗಿಲನ್ನೂ ಬೀಗವನ್ನೂ ಮುಟ್ಟದೆ, ಮೂಕಿಯನ್ನು ತಮ್ಮ ವಾಹನಕ್ಕೆ ಸಿಕ್ಕಿಸಿಕೊಂಡು, ಕೋಣೆಯನ್ನೇ ಎಳೆದುಕೊಂಡು ಹೋಗಿದ್ದರು.

ಬೆಳಗ್ಗೆ 112ಕ್ಕೆ ಕರೆಮಾಡಿ, ಠಾಣೆಗೆ ಹೋಗಿ ದೂರು ಬರೆಯಿಸಿದೆವು. ಯಾರ ಮೇಲಾದರೂ ಸಂಶಯವುಂಟೇ ಎಂದು ಅಧಿಕಾರಿಗಳು ಕೇಳಿದರು. ಎಂಟು ವರ್ಷಗಳಿಂದ ನಮ್ಮ ಟ್ರ್ಯಾಕ್ಟರನ್ನು ನಡೆಯಿಸುತ್ತಿದ್ದ ಹುಡುಗನು ಆ ರಾತ್ರಿ ಕನಕಪುರದ ಬಳಿಯಿರುವ ಅಕ್ಕನ ಮನೆಗೆ ಹೋಗಿದ್ದನು. ಟ್ರೈಲರು ಎಲ್ಲಿ ನಿಲ್ಲುವುದು, ಒಳಗೆ ಏನಿರುವುದು ಎಂಬುದೆಲ್ಲವನ್ನೂ ಬಲ್ಲವನು ಅವನೇ. ನಾವು ಅವನ ಹೆಸರನ್ನು ಹೇಳಿದೆವು. ಹೇಳಬಾರದಾಗಿತ್ತು, ಹೇಳಿದೆವು.

ಅವನನ್ನು ಕರೆಯಿಸಿ ಎರಡು ದಿನ ಪ್ರಶ್ನಿಸಿದರು. ಹಿಂತಿರುಗಿ ಬಂದವನು ಅಂಗಳದಲ್ಲಿಯೇ ನಿಂತು, ಟ್ರ್ಯಾಕ್ಟರಿನ ಕೀಲಿಕೈಯನ್ನು ಜಗಲಿಯ ಮೇಲಿಟ್ಟು, “ಅಣ್ಣಾ, ಎಣಿಸಿಕೊಳ್ಳಿ, ಎರಡೂ ಇವೆ” ಎಂದಷ್ಟೇ ಹೇಳಿ ಹೊರಟನು. ಒಳಗಿದ್ದ ನಮ್ಮ ತಾಯಿಯವರು ಅಂದು ಊಟಮಾಡಲಿಲ್ಲ. “ಗಾಡಿ ಹೋದರೆ ಇನ್ನೊಂದು ಮಾಡಿಸಬಹುದು ಮಗು. ಇದನ್ನು ಯಾವ ಕಮ್ಮಾರ ಮಾಡಿಕೊಟ್ಟಾನು?” ಎಂದರು.

ಹದಿನೇಳನೆಯ ದಿನ ಮಾಗಡಿಯ ಕಡೆಯ ಒಂದು ನೀಲಗಿರಿ ತೋಪಿನಲ್ಲಿ ಅಂಥದೇ ಟ್ರೈಲರು ಬಿದ್ದಿರುವುದೆಂದು ಸುದ್ದಿ ಬಂದಿತು. ಹೋಗಿ ನೋಡಿದರೆ ಬಣ್ಣ ಬೇರೆ, ನಂಬರಿನ ಫಲಕವಿಲ್ಲ, ಚಾಸಿಯ ಮೇಲಣ ಸಂಖ್ಯೆಯನ್ನು ಉಜ್ಜಿ ತೆಗೆದಿದ್ದರು. ಬಾಗಿಲಿನ ಕೀಲುಗಳನ್ನು ಹೊರಗಿನಿಂದ ಕೊಯ್ದು ಮೋಟಾರು ಸೈಕಲ್ಲನ್ನು ಇಳಿಸಿಕೊಂಡಿದ್ದರು. ಬೀಗವು ಮಾತ್ರ ಹಾಕಿದಂತೆಯೇ ಇದ್ದಿತು! ಇದು ನಿಮ್ಮದೆಂಬುದಕ್ಕೆ ಗುರುತೇನು ಎಂದು ಅಧಿಕಾರಿಗಳು ಕೇಳಲು ನಮಗೆ ಮಾತು ಹೊರಡಲಿಲ್ಲ. ಆಗ ನಮ್ಮ ಮಗನು ಆ ಹುಡುಗನನ್ನೇ ಕರೆಯಿಸಿದನು. ಅವನು ಬಂದನು; ನಮ್ಮ ಮುಖವನ್ನು ನೋಡದೆ ಟ್ರೈಲರಿನ ಕೆಳಗೆ ತೆವಳಿ, ಅಚ್ಚಿನ ಮೇಲಣ ಅಡ್ಡಪಟ್ಟಿಯ ಒಳಮೈಯಿಂದ ಮಣ್ಣನ್ನು ಒರೆಸಿದನು. ಅಲ್ಲಿ ಚಾಣದಿಂದ ಕೆತ್ತಿದ ನಮ್ಮ ತಂದೆಯವರ ಹೆಸರಿನ ಮೊದಲ ಎರಡು ಅಕ್ಷರಗಳಿದ್ದವು. ಟ್ರೈಲರು ಮನೆಗೆ ಬಂದ ವಾರದಲ್ಲಿಯೇ, ಯಾರೂ ಹೇಳದಿದ್ದರೂ, ತಾನೇ ಕೆತ್ತಿಟ್ಟಿದ್ದನಂತೆ. ನಮ್ಮ ಸೊತ್ತು ನಮ್ಮದೆಂಬುದಕ್ಕೆ ಸಾಕ್ಷಿಯಾಗಿದ್ದವನನ್ನೇ ನಾವು ಕಳ್ಳನೆಂದಿದ್ದೆವು.

ಮೋಟಾರು ಸೈಕಲ್ಲು ಸಿಕ್ಕಲಿಲ್ಲ. ನಾವು ಮಾಡಿಸಿದ್ದುದು ಥರ್ಡ್ ಪಾರ್ಟಿ ವಿಮೆ ಮಾತ್ರ. ಅದು ಅನ್ಯರಿಗಾದ ಹಾನಿಗೆ ಸಲ್ಲುವುದೇ ಹೊರತು ನಮ್ಮ ವಾಹನದ ಕಳವಿಗಲ್ಲವಾದುದರಿಂದ ಒಂದು ಕಾಸೂ ಬರಲಿಲ್ಲ.

ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯಂತೆ, ಆ ಮೇಲೆ ನಮಗೆ ಬುದ್ಧಿ ಬಂದಿತು. ನಮ್ಮ ತಂದೆಯವರ ಕಾಲದಲ್ಲಿ ಎತ್ತಿನ ಗಾಡಿಯು ಬಯಲಿನಲ್ಲಿಯೇ ಇರುತ್ತಿತ್ತು. ಅವರು ರಾತ್ರಿ ಮಲಗುವ ಮುನ್ನ ಅಚ್ಚಿನ ತುದಿಯ ಕಡಾಣಿಯನ್ನು ಕಿತ್ತು ತಂದು ತಲೆದೆಸೆಯಲ್ಲಿಟ್ಟುಕೊಳ್ಳುವರು. ಕಡಾಣಿಯಿಲ್ಲದ ಗಾಡಿಯನ್ನು ಎಳೆದರೆ ಗಾಲಿ ಕಳಚಿ ಬೀಳುವುದು. ನಾವು ಬಾಗಿಲನ್ನು ಭದ್ರಪಡಿಸಿದೆವು. ಅವರು ಗಾಡಿಯ ನಡೆಯನ್ನೇ ತಡೆದಿದ್ದರು. ಗಾಲಿಯುಳ್ಳ ಯಾವ ವಸ್ತುವಿಗೂ ಮೊದಲ ಕಾವಲು ಇದೇ.

ಈಗ ನಮ್ಮ ಟ್ರೈಲರಿನ ಮೂಕಿಯು ಗೋಡೆಯ ಕಡೆ ತಿರುಗಿರುವುದು. ಕೊಂಡಿ ಸಿಕ್ಕಿಸುವ ಬಳೆಯ ತೂತಿಗೆ ದಪ್ಪ ಸರಳನ್ನು ತೂರಿಸಿ ಬೀಗ ಹಾಕುವೆವು. ಒಂದು ಗಾಲಿಗೆ ಕಬ್ಬಿಣದ ಹಿಡಿ; ಬೆಳೆಯಿಲ್ಲದ ದಿನಗಳಲ್ಲಿ ಟ್ರೈಲರನ್ನು ದಿಮ್ಮಿಯ ಮೇಲೆ ಕೂರಿಸಿ ಆ ಗಾಲಿಯನ್ನೇ ಬಿಚ್ಚಿ ಒಳಗಿಡುವೆವು. ಬಾಗಿಲಿನ ಕೀಲುಗಳು ಹೊರಗಿನಿಂದ ಕಾಣದಂತೆ ಒಳಗಡೆ ಹೋಗಿವೆ. ನೆಲದ ಚೌಕಟ್ಟಿಗೆ ಬೆಸೆದ ಬಳೆಗೆ, ಹೊಸದಾಗಿ ಕೊಂಡ ಮೋಟಾರು ಸೈಕಲ್ಲನ್ನು ಸರಪಣಿಯಿಂದ ಬಿಗಿಯುವೆವು. ವಾಹನವಿರುವ ಸ್ಥಳವನ್ನು ಫೋನಿಗೆ ತಿಳಿಸುವ ಸಣ್ಣ ಯಂತ್ರವೊಂದನ್ನೂ ಅಳವಡಿಸಿದೆವು. ಮೊದಲು ಅದನ್ನು ಒಳಗಿಟ್ಟು ಮೋಸಹೋದೆವು. ಸುತ್ತಲೂ ತಗಡಿದ್ದರೆ ಉಪಗ್ರಹದ ಸಂಕೇತವು ಅದಕ್ಕೆ ಸರಿಯಾಗಿ ತಲಪದು. ಈಗ ಅದು ಹೊರಮೈಯಲ್ಲಿ, ಕಣ್ಣಿಗೆ ಬೀಳದ ಎಡೆಯಲ್ಲಿರುವುದು. ಚಾಸಿಯ ಸಂಖ್ಯೆ, ಛಾಯಾಚಿತ್ರ, ಖರೀದಿಯ ರಸೀದಿಗಳು ಮನೆಯ ಪೆಟ್ಟಿಗೆಯಲ್ಲಿವೆ. ಕಳವಿಗೂ ಸಲ್ಲುವ ವಿಮೆಯಾಗಿದೆ. ಪರಿಹಾರ ಕೇಳುವಾಗ ವಿಮೆಯವರು ಎರಡೂ ಕೀಲಿಕೈಗಳನ್ನು ಕೇಳುವುದುಂಟಾದುದರಿಂದ ಅವೂ ಜೋಪಾನವಾಗಿವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನಿನಂತೆ ದೂರನ್ನು ಮಿಂಚಂಚೆಯ ಮೂಲಕವೂ ಸಲ್ಲಿಸಬಹುದು. ಆದರೆ ಮೂರು ದಿನಗಳೊಳಗೆ ಸಹಿಮಾಡತಕ್ಕದ್ದು. ಇನ್ನೊಂದು ಮಾತು: ನಾವೂ ನೆರೆಯವರೂ ಈಗ ರಾತ್ರಿ ಹೊರಡುವುದಾದರೆ ಒಬ್ಬರಿಗೊಬ್ಬರು ಮೊದಲೇ ತಿಳಿಸುವೆವು. ಹೇಳದೆ ಕೇಳಿಸಿದ ಸದ್ದಿಗೆ ದೀಪ ಹಚ್ಚಿ ಹೊರಬರುವೆವು. ಇದಕ್ಕೆ ಕಾಸು ಖರ್ಚಿಲ್ಲ.

ಇಷ್ಟೆಲ್ಲವನ್ನೂ ಮಾಡಿಕೊಟ್ಟವನು ಆ ಹುಡುಗನೇ. ನಾವು ಅವನ ಮನೆಗೆ ಎರಡು ಸಲ ಹೋದೆವು. ಮೊದಲ ಸಲ ಅವನು ಹೊರಗೆ ಬರಲಿಲ್ಲ. ಎರಡನೆಯ ಸಲ ನಮ್ಮ ತಾಯಿಯವರೂ ಬಂದರು; ಅವರನ್ನು ಕಂಡು ಚಾಪೆ ಹಾಸಿದನು. ನಾವು ತಪ್ಪಾಯಿತೆಂದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, “ನಾಳೆ ಮೂಕಿಯನ್ನು ಗೋಡೆಯ ಕಡೆ ತಿರುಗಿಸೋಣ” ಎಂದನು. ಮೊದಲಿನಂತೆ ನಮ್ಮ ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಕಾಫಿ ಕುಡಿಯುವುದನ್ನು ಮಾತ್ರ ಅವನು ಇಂದಿಗೂ ಆರಂಭಿಸಿಲ್ಲ. ಆ ಹಳೆಯ ಬೀಗವು ನಮ್ಮ ನಡುಮನೆಯ ಗೂಡಿನಲ್ಲಿ, ಹೊಸದರಂತೆಯೇ ಹೊಳೆಯುತ್ತ ಕುಳಿತಿದೆ.