ಕಾಲು ಮೈಲಿಯ ಓಟ

‘ನಗೆ ಅನಿಲ’ ಎಂಬ ಹೆಸರು ಎಂದಾದರೂ ನಿಮ್ಮ ಕಿವಿಗೆ ಬಿದ್ದಿರಬಹುದು. ರಸಾಯನಶಾಸ್ತ್ರದಲ್ಲಿ ಇದು ನೈಟ್ರಸ್ ಆಕ್ಸೈಡ್. 1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ಇದನ್ನು ಉಸಿರಾಡಿ, ತಮ್ಮದೇ ಹಲ್ಲೊಂದನ್ನು ನೋವಿಲ್ಲದೆ ಕೀಳಿಸಿಕೊಂಡರು. ನೋವನ್ನು ಶಮನಗೊಳಿಸುವ ಈ ಸಾಧು ಅನಿಲವೇ ಎರಡನೆಯ ಮಹಾಯುದ್ಧದಲ್ಲಿ ಗಾಳಿ ವಿರಳವಾದ ಎತ್ತರದಲ್ಲಿ ಹಾರುವ ಜರ್ಮನಿಯ ಯುದ್ಧವಿಮಾನಗಳ ಇಂಜಿನ್‌ಗಳಿಗೆ ಬಲ ತುಂಬಿತು. ಇಂದು ಅದು ಅಮೆರಿಕದ ಡ್ರ್ಯಾಗ್ ರೇಸ್ ಕಾರುಗಳ ಹಿಂಭಾಗದಲ್ಲಿ ಸಿಲಿಂಡರಿನೊಳಗೆ ಕುಳಿತು ಪ್ರಯಾಣ ಮಾಡುತ್ತದೆ.

ಈ ವಿಷಯ ನಮ್ಮ ಮನೆಯೊಳಕ್ಕೆ ಬಂದದ್ದು ನನ್ನ ಅಕ್ಕನ ಮಗನ ಮೂಲಕ. ಒಹಾಯೊ ರಾಜ್ಯದಲ್ಲಿ ಇಂಜಿನಿಯರ್ ಆಗಿರುವ ಅವನು 1987ರ ಬ್ಯೂಯಿಕ್ ಗ್ರ್ಯಾಂಡ್ ನ್ಯಾಷನಲ್ ಎಂಬ ಕಪ್ಪು ಕಾರೊಂದನ್ನು ಕೊಂಡು, ಎರಡು ಚಳಿಗಾಲ ಅದರ ಮರುನಿರ್ಮಾಣದಲ್ಲಿ ಕಳೆದ. ಕೆಲವು ವಾರಗಳ ಮಟ್ಟಿಗೆ ನಾನು ಅಲ್ಲಿಗೆ ಹೊರಟಾಗ ಅಕ್ಕ ನನಗೆ ವಹಿಸಿದ್ದು ಒಂದೇ ಕೆಲಸ: “ಆ ಸಿಲಿಂಡರು ಸಿಡಿಯುತ್ತದೋ ಇಲ್ಲವೋ, ನೀನೇ ಕಣ್ಣಾರೆ ನೋಡಿಕೊಂಡು ಬಾ.”

ಡ್ರ್ಯಾಗ್ ರೇಸ್ ಎಂದರೆ ನೇರವಾದ ಹಾದಿಯಲ್ಲಿ ಎರಡು ಕಾರುಗಳು ನಿಂತಲ್ಲಿಂದ ಚಿಮ್ಮಿ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್, ಓಡುವ ಸ್ಪರ್ಧೆ. ರಸ್ತೆಗಳಲ್ಲಿ ನಡೆಯುತ್ತಿದ್ದ ಈ ಹುಚ್ಚಾಟವನ್ನು ನಿಯಮಗಳ ಚೌಕಟ್ಟಿಗೆ ತರಲೆಂದೇ ವಾಲಿ ಪಾರ್ಕ್ಸ್ ಅವರು 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದರು. ಹನ್ನೊಂದು ಹನ್ನೆರಡು ಸೆಕೆಂಡುಗಳಲ್ಲಿ ಮುಗಿದುಹೋಗುವ ಓಟಕ್ಕೆ ಎರಡು ವರ್ಷಗಳ ಶ್ರಮವೇ ಎಂದು ನಾನೂ ಕೇಳಿದೆ. ಅವನು ನಕ್ಕನೇ ಹೊರತು ಉತ್ತರ ಹೇಳಲಿಲ್ಲ.

ಆ ಕಾರಿನ 3.8 ಲೀಟರಿನ ವಿ-6 ಇಂಜಿನ್ನಿಗೆ ಟರ್ಬೊಚಾರ್ಜರ್ ಇದೆ. ವ್ಯರ್ಥವಾಗಿ ಹೊರಹೋಗುವ ಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಇಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಉಪಾಯವಿದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಚಿ ಇದಕ್ಕೆ 1905ರಲ್ಲೇ ಹಕ್ಕುಪತ್ರ ಪಡೆದಿದ್ದರು. ನಿಮಿಷಕ್ಕೆ ಲಕ್ಷ ಸುತ್ತುಗಳನ್ನೂ ಮೀರಬಲ್ಲ ಆ ಅಚ್ಚು ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತಿರುತ್ತದೆ. ಆದುದರಿಂದ ಓಟ ಮುಗಿದೊಡನೆ ಇಂಜಿನ್ ಆರಿಸದೆ, ಕೆಲವು ನಿಮಿಷ ನಿಧಾನವಾಗಿ ಓಡಲು ಬಿಟ್ಟು ತಣಿಸಬೇಕು. ಟರ್ಬೊದಲ್ಲಿ ಒಂದು ಕೊರತೆಯುಂಟು: ಹೊಗೆಯ ರಭಸ ಹೆಚ್ಚುವವರೆಗೆ ಅದು ಎಚ್ಚೆತ್ತುಕೊಳ್ಳುವುದಿಲ್ಲ. ಆ ಅರೆಕ್ಷಣದ ಮಂಪರನ್ನು ಕಳೆಯಲು ನನ್ನ ಸೋದರಳಿಯ ನೈಟ್ರಸ್ಸಿನ ಮೊರೆಹೊಕ್ಕಿದ್ದ.

ನಮ್ಮ ಅಡುಗೆಮನೆಯ ಅನಿಲ ಸ್ವತಃ ಉರಿಯುತ್ತದೆ. ನೈಟ್ರಸ್ ಉರಿಯುವುದಿಲ್ಲ, ಉರಿಗೆ ಇಂಬು ಕೊಡುತ್ತದೆ. ಇಂಜಿನ್ನಿನ ಕಾವಿನಲ್ಲಿ ಅದು ಒಡೆದು ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಶೇಕಡಾ 23ರಷ್ಟು ಆಮ್ಲಜನಕವಿದ್ದರೆ ಇದರಲ್ಲಿ 36ರಷ್ಟಿದೆ. ಹೀಗೆ ಬಂದ ಹೆಚ್ಚಿನ ಆಮ್ಲಜನಕಕ್ಕೆ ಜೊತೆಯಾಗಿ ಹೆಚ್ಚಿನ ಪೆಟ್ರೋಲ್ ಅದೇ ಕ್ಷಣದಲ್ಲಿ ಬರಲೇಬೇಕು. ಬಾರದಿದ್ದರೆ ಉರಿ ಮಿತಿಮೀರಿ ಬಿಸಿಯಾಗುತ್ತದೆ, ಇಂಧನ ತನ್ನಷ್ಟಕ್ಕೇ ಸ್ಫೋಟಿಸತೊಡಗುತ್ತದೆ, ಪಿಸ್ಟನ್ ಕರಗಿ ತೂತಾಗುತ್ತದೆ. ಇದಕ್ಕೆಲ್ಲ ಒಂದೆರಡು ಸೆಕೆಂಡು ಸಾಕು.

ಅವನು ಕಾರ್ಖಾನೆಯ ಎರಕದ ಪಿಸ್ಟನ್‌ಗಳನ್ನು ತೆಗೆದು ಫೋರ್ಜ್ ಮಾಡಿದ ಪಿಸ್ಟನ್‌ಗಳನ್ನು ಹಾಕಿದ್ದ. ಕಾವಿಗೆ ಹಿಗ್ಗಿ ತುದಿಗಳು ಒಂದಕ್ಕೊಂದು ಒತ್ತದಿರಲೆಂದು ಪಿಸ್ಟನ್ ರಿಂಗ್‌ಗಳ ತುದಿಗಳ ನಡುವಣ ಸಂದನ್ನು ಅಳೆದು ಅಳೆದು ಹಿಗ್ಗಿಸಿದ್ದ. ಪ್ರತಿ 50 ಅಶ್ವಶಕ್ತಿಯ ನೈಟ್ರಸ್ಸಿಗೆ ಸುಮಾರು ಎರಡು ಡಿಗ್ರಿಯಂತೆ ಕಿಡಿ ಹೊತ್ತುವ ಸಮಯವನ್ನು ತಡಮಾಡಿದ್ದ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಸ್ವಿಚ್ಚುಗಳ ಸಾಲು. ಆಕ್ಸಿಲರೇಟರ್ ಪೂರ್ತಿ ಒತ್ತದ ಹೊರತು ಒಂದು ಬೇಡವೆನ್ನುತ್ತದೆ. ಇಂಜಿನ್ನಿನ ವೇಗ ಗೊತ್ತುಪಡಿಸಿದ ಮಿತಿಯೊಳಗಿಲ್ಲದಿದ್ದರೆ ಇನ್ನೊಂದು ಬೇಡವೆನ್ನುತ್ತದೆ. ಪೆಟ್ರೋಲಿನ ಒತ್ತಡ ಸ್ವಲ್ಪ ಕುಸಿದರೂ ಮೂರನೆಯದು ಅನಿಲವನ್ನು ತಡೆದುಬಿಡುತ್ತದೆ. “ಮಾಮ, ಬಲ ಕೊಡುವ ಸಾಮಾನಿಗಿಂತ ಬಲವನ್ನು ತಡೆಯುವ ಸಾಮಾನಿಗೇ ನಾನು ಹೆಚ್ಚು ಹಣ ಹಾಕಿದ್ದೇನೆ” ಎಂದ. ಅಕ್ಕನಿಗೆ ಹೇಳಬೇಕಾದ ಮಾತು ಇದೇ ಎಂದು ನನಗನ್ನಿಸಿತು.

ಇನ್ನು ಅಕ್ಕನ ಸಿಲಿಂಡರು. ಅದರೊಳಗಿನ ಒತ್ತಡ ಚದರ ಅಂಗುಲಕ್ಕೆ ಸುಮಾರು 900 ಪೌಂಡು. ಚಳಿಯಲ್ಲಿ ಒತ್ತಡ ತಗ್ಗುತ್ತದೆಂದು ಕೆಲವರು ಬೆಂಕಿಯ ಜ್ವಾಲೆಯನ್ನೇ ಅದಕ್ಕೆ ಹಿಡಿಯುವುದುಂಟಂತೆ! ಸಾವನ್ನು ಕರೆಯಲು ಇದಕ್ಕಿಂತ ನೇರವಾದ ದಾರಿ ಬೇರೆ ಬೇಕಿಲ್ಲ. ಶಾಖವನ್ನು ತಾನೇ ನಿಯಂತ್ರಿಸಿಕೊಳ್ಳುವ ವಿದ್ಯುತ್ ಹೊದಿಕೆಗೆ ಮಾತ್ರ ಸ್ಪರ್ಧೆಯ ನಿಯಮಗಳಲ್ಲಿ ಅನುಮತಿ. ಒತ್ತಡ ಮೀರಿದರೆ ಸಿಲಿಂಡರು ಸಿಡಿಯುವ ಮೊದಲೇ ಅದರ ಕತ್ತಿನಲ್ಲಿರುವ ಸಣ್ಣ ಬಿಲ್ಲೆ ಒಡೆದು ಅನಿಲವನ್ನು ಹೊರಬಿಡುತ್ತದೆ. ಆ ಅನಿಲ ಕಾರಿನೊಳಗೆ ತುಂಬಿದರೆ ಚಾಲಕನ ಉಸಿರಿಗೆ ಆಮ್ಲಜನಕ ಸಿಗದು. ಅದಕ್ಕಾಗಿ ಒಂದು ಕೊಳವೆ ಅದನ್ನು ಕಾರಿನ ಹೊರಕ್ಕೆ ಸಾಗಿಸುತ್ತದೆ. ಓಟ ಮುಗಿದೊಡನೆ ಸಿಲಿಂಡರಿನ ಕವಾಟವನ್ನು ಕೈಯಿಂದಲೇ ಮುಚ್ಚಬೇಕು. ಅನಿಲ ಎಷ್ಟು ಉಳಿದಿದೆ ಎಂಬುದು, ನಮ್ಮ ಮನೆಯ ಸಿಲಿಂಡರಿನಂತೆಯೇ, ತೂಗಿದರಷ್ಟೇ ತಿಳಿಯುತ್ತದೆ. ಒಳಗೆ ದ್ರವ ಇರುವವರೆಗೆ ಒತ್ತಡದ ಮಾಪಕ ಆ ಲೆಕ್ಕ ಹೇಳದು.

ಹೆತ್ತವರಿಗೆ ಇನ್ನೊಂದು ಮಾತು. ಈ ಅನಿಲವನ್ನು ಮೋಜಿಗಾಗಿ ಸೇದುವ ಚಾಳಿ ಹಲವು ದೇಶಗಳಲ್ಲಿ ಹರಡಿದೆ. ಅದು ದೇಹದಲ್ಲಿ ಬಿ-12 ಜೀವಸತ್ವವನ್ನು ನಿಷ್ಕ್ರಿಯಗೊಳಿಸಿ ನರಗಳನ್ನು ಹಾಳುಗೆಡವುತ್ತದೆ. ಕಾರಿಗೆಂದು ಮಾರುವ ಅನಿಲಕ್ಕೆ ಯಾರೂ ಸೇದದಿರಲೆಂದೇ ಕಟುವಾದ ಗಂಧಕದ ಡೈಆಕ್ಸೈಡನ್ನು ಬೆರೆಸಿರುತ್ತಾರೆ. ಬ್ರಿಟನ್ 2023ರಲ್ಲಿ ಇದನ್ನು ಮಾದಕ ವಸ್ತುಗಳ ಪಟ್ಟಿಗೆ ಸೇರಿಸಿತು.

ಓಟದ ಸಂಜೆ ನಾನೂ ಹೋಗಿದ್ದೆ. ಹಳೆಯ ಕಾರು 11.49 ಸೆಕೆಂಡು ಅಥವಾ ಅದಕ್ಕಿಂತ ಬೇಗ ಓಡುವುದಾದರೆ ಚಾಲಕನ ಸುತ್ತ ಉಕ್ಕಿನ ರೋಲ್ ಬಾರ್ ಕಡ್ಡಾಯ. ಅದನ್ನೂ ಪರೀಕ್ಷಕರು ಕೈಯಿಟ್ಟು ನೋಡಿದರು. ಮೊದಲ ಎರಡು ಓಟಗಳು ಚೆನ್ನಾಗಿಯೇ ಆದವು. ಮೂರನೆಯದರಲ್ಲಿ ನೈಟ್ರಸ್ ಬರಲೇ ಇಲ್ಲ. ಪಕ್ಕದ ಕಾರು ದೂರ ಹೊರಟುಹೋಯಿತು. ಸೋತು ಬಂದವನು ಬಾನೆಟ್ ಎತ್ತಿ ಹುಡುಕಿದಾಗ ಕಂಡದ್ದು ಕಸ ಕಟ್ಟಿದ ಪೆಟ್ರೋಲ್ ಫಿಲ್ಟರ್. ಒತ್ತಡ ಕುಸಿದಿತ್ತು, ಮೂರನೆಯ ಸ್ವಿಚ್ಚು ಬೇಡವೆಂದಿತ್ತು. ಸ್ವಿಚ್ಚಿನ ತಂತಿಯನ್ನು ಕಳಚಿ ಇನ್ನೊಮ್ಮೆ ಓಡಿಸೆಂದು ಪಕ್ಕದಲ್ಲಿದ್ದ ಗೆಳೆಯನೊಬ್ಬ ಸಲಹೆ ಕೊಟ್ಟ. ಅವನು ತಲೆಯಾಡಿಸಿ, ಸಿಲಿಂಡರಿನ ಕವಾಟವನ್ನು ಬಿಗಿಯಾಗಿ ತಿರುಗಿಸಿ ಮುಚ್ಚಿದ. ಮೈದಾನದ ದೀಪಗಳು ಆರಲು ಇನ್ನೂ ಗಂಟೆಯಿತ್ತು. ನಾವಿಬ್ಬರೂ ಸೇರಿ ಕಾರನ್ನು ಟ್ರೇಲರಿಗೆ ಏರಿಸಿದೆವು.