ಕೇದಾರದ ಹಾದಿಯಲ್ಲಿ ಹಿಮದ ಭಯ

ಶ್ರೀ ಕೇದಾರನಾಥನ ಸನ್ನಿಧಿಗೂ ಕನ್ನಡ ನಾಡಿಗೂ ಹಳೆಯ ಸಂಬಂಧವುಂಟು. ಅಲ್ಲಿಯ ಪೂಜೆಯು ತಲೆತಲಾಂತರದಿಂದ ವೀರಶೈವ ಜಂಗಮರದು. ಅವರಲ್ಲಿ ಅನೇಕರು ನಮ್ಮ ಕಡೆಯಿಂದ ಹೋದವರು. ಆದರೆ ಯಾತ್ರೆಗೆ ಹೊರಡುವ ನಮ್ಮವರಿಗೆ ಅಲ್ಲಿಯ ಬೇಸಗೆಯ ಮೊದಲಿನ ಹಿಮದ ಸ್ವಭಾವವು ತಿಳಿಯದು. ನಮಗೂ ತಿಳಿದಿರಲಿಲ್ಲ.

ವೈಶಾಖದ ಒಂದು ಸೋಮವಾರ ನಾವು ವೃದ್ಧೆಯಾದ ತಾಯಿಯವರನ್ನು ಹೇಸರಗತ್ತೆಯ ಮೇಲೆ ಕುಳ್ಳಿರಿಸಿಕೊಂಡು ಗೌರೀಕುಂಡದಿಂದ ಹೊರಟೆವು. ಅಲ್ಲಿಂದ ಸುಮಾರು 16 ಕಿಲೋಮೀಟರ್ ಏರುದಾರಿ. ದೇವಾಲಯವಿರುವುದು 3,583 ಮೀಟರ್ ಎತ್ತರದಲ್ಲಿ. ಲಿಂಚೋಲಿಯನ್ನು ಸೇರುವಾಗ ಮಧ್ಯಾಹ್ನ ಎರಡು ಗಂಟೆ. ಬಿಸಿಲು ಹಿತವಾಗಿದ್ದಿತು. ಸೋಮವಾರವೇ ದರ್ಶನವಾಗಬೇಕೆಂಬುದು ತಾಯಿಯವರ ಹರಕೆ. ಆದರೆ ಹೇಸರಗತ್ತೆಯವನು ಅಲ್ಲಿಯೇ ನಿಂತುಬಿಟ್ಟನು. ಹೆಚ್ಚು ಹಣ ಕೊಡುವೆವೆಂದರೂ ಒಪ್ಪಲಿಲ್ಲ.

“ಮಾತಾಜಿ, ಈಗ ಬೆಟ್ಟ ಎಚ್ಚರವಾಗಿದೆ. ರಾತ್ರಿ ಅದು ಮಲಗಲಿ, ಬೆಳಗಿನ ಜಾವ ದಾಟೋಣ” ಎಂದನು.

ಮುಂದೆ ಭೈರವ ಗದೇರಾ, ಕುಬೇರ ಗದೇರಾ ಎಂಬ ಕೊರಕಲುಗಳಿವೆ. ಚಳಿಗಾಲದ ಹಿಮವು ಅಲ್ಲಿ ಪದರಪದರವಾಗಿ ನಿಂತಿರುವುದು. ಇರುಳ ಚಳಿಗೆ ಅದು ಬಿಗಿದು ಗಟ್ಟಿಯಾಗುವುದು. ಹಗಲ ಬಿಸಿಲಿಗೆ ಕರಗಿದ ನೀರು ಪದರಗಳ ನಡುವೆ ಇಳಿದು ಹಿಡಿತವನ್ನು ಸಡಿಲಿಸುವುದು. ಆಗ ಇಳಿಜಾರಿನ ಹಿಮವೆಲ್ಲ ಒಮ್ಮೆಗೇ ಜಾರುವುದು. ಈ ಒದ್ದೆ ಹಿಮ ಬಲುಭಾರ. ನಿಂತೊಡನೆ ಗಾರೆಯಂತೆ ಬಿಗಿಯುವುದು. ಅದರಡಿ ಸಿಕ್ಕಿದವರನ್ನು ಕಾಲು ಗಂಟೆಯೊಳಗೆ ತೆಗೆಯದಿದ್ದರೆ ಬದುಕುವುದು ಕಷ್ಟ. 2023ರ ಮೇ ತಿಂಗಳ ಮೊದಲ ವಾರದಲ್ಲಿ ಇದೇ ಭಾಗದಲ್ಲಿ ಹಿಮರಾಶಿ ಜಾರಿ ದಾರಿ ಮುಚ್ಚಿ, ಕಾಲ್ನಡಿಗೆಯ ಯಾತ್ರೆ ನಿಂತಿದ್ದಿತು.

ಅವನು ಬೆರಳು ತೋರಿದ ಕಡೆ ನೋಡಿದೆವು. ಸಣ್ಣ ಹಿಮದುಂಡೆಗಳು ತಾವಾಗಿಯೇ ಉರುಳುತ್ತಿದ್ದುವು. ಅದೇ ಮುನ್ಸೂಚನೆ.

ಅಂದು ಸಂಜೆಯವರೆಗೆ ಏನೂ ಬೀಳಲಿಲ್ಲ. “ಸುಮ್ಮನೆ ಹರಕೆ ತಪ್ಪಿತಲ್ಲ” ಎಂದು ತಾಯಿಯವರು ನೊಂದುಕೊಂಡರು. ಅದನ್ನು ಹಿಂದಿಯಲ್ಲಿ ತಿಳಿಸಲು, “ಬೀಳದ ದಿನವೂ ನಾವು ನಿಲ್ಲುತ್ತೇವೆ, ಮಾತಾಜಿ, ಅದಕ್ಕೇ ಮನೆಗೆ ಹಿಂದಿರುಗುತ್ತೇವೆ” ಎಂದನು.

ರಾತ್ರಿ ಆಕಾಶ ನಿರ್ಮಲವಾಗಿದ್ದು ಚಳಿ ಕಡಿಯಿತು. ಮೋಡ ಕವಿದಿದ್ದರೆ ಹಿಮ ಗಟ್ಟಿಯಾಗದೆ ಬೆಳಗಿನಲ್ಲಿಯೂ ಅಪಾಯವಿರುತ್ತಿದ್ದಿತಂತೆ. ನಸುಕಿನಲ್ಲಿಯೇ ಹೊರಟು, ಕಾಲಡಿಯಲ್ಲಿ ಕಲ್ಲಿನಂತಿದ್ದ ಹಿಮದ ಮೇಲೆ ಎರಡು ಕೊರಕಲುಗಳನ್ನೂ ನಿಲ್ಲದೆ ದಾಟಿದೆವು. ಮಂಗಳವಾರ ದರ್ಶನವಾಯಿತು.

ಪರ್ವತಯಾತ್ರೆಗೆ ಹೊರಡುವ ಗೃಹಸ್ಥರಲ್ಲಿ ನಮ್ಮದೊಂದು ಬಿನ್ನಹ: ಕೈಯಲ್ಲಿ ಒಂದು ದಿನವನ್ನು ಹೆಚ್ಚಾಗಿ ಇಟ್ಟುಕೊಂಡು ಹೊರಡಿರಿ, ಸ್ಥಳದವನು ನಿಲ್ಲೆಂದರೆ ನಿಲ್ಲಿರಿ. ತಾಯಿಯವರು ಈಗ ತಾವಾಗಿಯೇ ಹೇಳುವರು: ಸ್ವಾಮಿಗೆ ಮಂಗಳವಾರವೂ ಸೋಮವಾರವೇ.